ನಲವತ್ತು ಸಸಿ ನೆಟ್ಟ ಕೈ

ಲೆನ್ಸಕ್ಕ,

ಈ ಸಾಲು ಓದುವ ಮೊದಲೇ ನೀವು ಕೊನೆಯ ಹಾಳೆ ತಿರುಗಿಸಿ ಸಹಿ ನೋಡಿದ್ದೀರಿ, ಲಕೋಟೆಯ ಅಂಟನ್ನು ಬೆರಳಲ್ಲಿ ಸವರಿ ಯಾರಾದರೂ ಬಿಚ್ಚಿ ಮತ್ತೆ ಅಂಟಿಸಿದ್ದಾರೆಯೇ ಎಂದು ಪರೀಕ್ಷಿಸಿದ್ದೀರಿ ಎಂದು ನನ್ನ ಗುಮಾನಿ. ಮೊದಲು ನೀವು ಹಾಗಿರಲಿಲ್ಲ. ಹಾಗಿದ್ದವಳು ನಾನು. ನಮ್ಮಿಬ್ಬರಲ್ಲಿ ಈ ರೋಗ ಯಾರಿಂದ ಯಾರಿಗೆ ಅಂಟಿತು ಎಂಬುದೊಂದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀವು ಈ ಕಾಗದವನ್ನು ಹರಿದು ಬಿಸಾಕಿದರೂ ಸರಿ. ಇಪ್ಪತ್ತೆರಡು ವರ್ಷಗಳ ಹಿಂದೆ ಗಾಜಿನ ಮನೆಯ ಆರು ಟ್ರೇಗಳಲ್ಲಿ ನಲವತ್ತು ಹೊರಗಿನ ಟೊಮೇಟೊ ಸಸಿಗಳನ್ನು ಕದ್ದು ನೆಟ್ಟವಳು ನಾನು. ನಿಮ್ಮ ತಮ್ಮನಲ್ಲ. ಅವರಿಗೆ ಅದರ ಸುಳಿವೂ ಇರಲಿಲ್ಲ.

ನೀವು ನಂಬುವುದಿಲ್ಲ, ಗೊತ್ತು. ತಮ್ಮನೇ ಕೈಕಾಲು ಹಿಡಿದು ಬರೆಸಿದ್ದಾನೆ ಅಂದುಕೊಳ್ಳುತ್ತೀರಿ. ಅದಕ್ಕೇ ಮೊದಲಿನಿಂದ, ಏನನ್ನೂ ಬಿಡದೆ ಬರೆಯುತ್ತಿದ್ದೇನೆ.

ನಾನು ಬೆಳೆದದ್ದೇ ಅನುಮಾನದ ಮನೆಯಲ್ಲಿ. ನಮ್ಮಪ್ಪ ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿಯ ತಟ್ಟೆ ಮಗುಚಿ, ತಳಕ್ಕೆ ಮೇಣ ಮೆತ್ತಿದ್ದಾರೆಯೇ ಎಂದು ನೋಡುವುದು ಅವರ ಕೆಲಸ. ಮನೆಗೆ ಬಂದ ಮೇಲೂ ಆ ಕೈ ಸುಮ್ಮನಿರುತ್ತಿರಲಿಲ್ಲ. ಊಟದ ತಟ್ಟೆಯನ್ನೂ ಒಂದು ಸಲ ಮಗುಚಿ ನೋಡುತ್ತಾರೆ ಎಂದು ಅಮ್ಮ ನಗುತ್ತಿದ್ದರು. ನಾನು ಸಂಖ್ಯಾಶಾಸ್ತ್ರ ಓದಿದೆ. ಅದೂ ಹೆಚ್ಚುಕಡಿಮೆ ತಟ್ಟೆ ಮಗುಚುವ ವಿದ್ಯೆಯೇ. ಬೇರೆಯವರು ಕೊಟ್ಟ ಅಂಕಿಗಳನ್ನು ಇಸಿದುಕೊಂಡು, ಇವು ನಿಜವೋ ಯಾರೋ ಕೂತು ಹೆಣೆದದ್ದೋ ಎಂದು ಕೆದಕುವುದು.

ಇಪ್ಪತ್ತಾರನೇ ವಯಸ್ಸಿಗೆ ನಾನು ತಳಿ ಸಂಶೋಧನಾ ಕೇಂದ್ರಕ್ಕೆ ಬಂದಾಗ ನೀವು ಗಾಜಿನ ಮನೆಯಲ್ಲಿ ಹದಿನೆಂಟು ವರ್ಷ ಸಸಿ ಎಣಿಸಿದ್ದಿರಿ. ಕೊರಳಿಗೆ ದಾರದಲ್ಲಿ ನೇತುಹಾಕಿದ ಭೂತಗನ್ನಡಿ, ಮಣಿಕಟ್ಟಿನವರೆಗೆ ಮಣ್ಣು, ಕಿವಿಯ ಹಿಂದೆ ಮೊಂಡು ಪೆನ್ಸಿಲು. ಎಲ್ಲರೂ ನಿಮ್ಮನ್ನು ಲೆನ್ಸಕ್ಕ ಅನ್ನುತ್ತಿದ್ದರು, ನೀರು ಬಿಡುತ್ತಿದ್ದ ನಿಮ್ಮ ತಮ್ಮನನ್ನು ಪೈಪಣ್ಣ ಅನ್ನುತ್ತಿದ್ದರು. ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಓ, ಲೆಕ್ಕದ ಹುಡುಗಿ ಬಂದ್ಲು. ನಾವು ಎಣಿಸಿದ್ದನ್ನ ಇವಳು ಎಣಿಸ್ತಾಳೆ" ಅಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಒಳಗೊಳಗೇ ಆ ಮಾತನ್ನು ಗಂಟು ಹಾಕಿ ಇಟ್ಟುಕೊಂಡೆ.

ಕೆಲಸ ಏನೆಂದು ನಿಮಗೆ ಗೊತ್ತು. ಸೊರಗು ರೋಗ ತಡೆದುಕೊಳ್ಳುವ ಒಂದು ಕಾಡು ಟೊಮೇಟೊ ಸಿಕ್ಕಿತ್ತು; ಅದನ್ನು ನಮ್ಮ ಊರ ತಳಿಯ ಜೊತೆ ಕ್ರಾಸ್ ಮಾಡಿ ಸಸಿ ಬೆಳೆಸುತ್ತಿದ್ದೆವು. ಆ ಗುಣದ ವಂಶವಾಹಿ ವರ್ಣತಂತುವಿನ ಮೇಲೆ ಯಾವುದರ ಪಕ್ಕ ಕೂತಿದೆ ಎಂದು ಗೊತ್ತಾದರೆ, ಪ್ರತಿ ಸಸಿಗೂ ರೋಗ ತಗುಲಿಸಿ ಸಾಯಿಸಿ ನೋಡುವ ಕೆಲಸ ತಪ್ಪುತ್ತಿತ್ತು; ಎಳೆಯ ಸಸಿಯ ಕಾಂಡದ ರೋಮ, ಎಲೆಯ ಅಂಚು ನೋಡಿಯೇ ಒಳ್ಳೆಯದನ್ನು ಆರಿಸಬಹುದಿತ್ತು. ಈ ಸಾಲು, ಅಂದರೆ ಯಾವುದರ ಪಕ್ಕ ಯಾವುದು ಎಂಬುದು, ತಪ್ಪಾದರೆ ಸಾವಿರಾರು ಹೊಲಗಳಿಗೆ ಸೊರಗುವ ಬೀಜವೇ ಹೋಗುತ್ತಿತ್ತು. ಹಾಗಾಗಿ ಕಾಂಡದ ಬಣ್ಣ, ರೋಮ, ಎಲೆಯ ಅಂಚು, ರೋಗ ತಡೆಯುವ ಗುಣ ಇವು ನಾಲ್ಕೂ ಯಾವ ಕ್ರಮದಲ್ಲಿ ಕೂತಿವೆ ಎಂದು ಕಂಡುಹಿಡಿಯಬೇಕಿತ್ತು.

ಒಂದು ಮಧ್ಯಾಹ್ನ ಟೀ ಕುಡಿಯುತ್ತಾ ನೀವೇ ಕೇಳಿದಿರಿ, ಕಣ್ಣಿಗೆ ಕಾಣದ್ದರ ಸಾಲು ಹೇಗೆ ಗೊತ್ತಾಗುತ್ತದೆ ಎಂದು. ತಾಯಿಗಿಡದಲ್ಲಿ ಬೀಜ ಹುಟ್ಟುವಾಗ ಜೋಡಿ ವರ್ಣತಂತುಗಳು ತುಂಡು ತುಂಡನ್ನು ಅದಲು ಬದಲು ಮಾಡಿಕೊಳ್ಳುತ್ತವೆ, ಹತ್ತಿರ ಇರುವವು ಬೇರೆಯಾಗುವುದು ಅಪರೂಪ, ದೂರ ಇರುವವು ಹೆಚ್ಚು ಬೇರೆಯಾಗುತ್ತವೆ ಎಂದು ನಾನು ಅರ್ಧ ಗಂಟೆ ವಿವರಿಸಿದೆ. ನೀವು ಲೋಟ ಕೆಳಗಿಟ್ಟು, "ಅಂದ್ರೆ ಬಸ್ಸಲ್ಲಿ ಪಕ್ಕಪಕ್ಕ ಕೂತೋರು ಒಟ್ಟಿಗೆ ಇಳೀತಾರೆ, ದೂರ ಕೂತೋರು ನೂಕುನುಗ್ಗಲಲ್ಲಿ ತಪ್ಪಿಹೋಗ್ತಾರೆ. ಎಷ್ಟು ಸಲ ತಪ್ಪಿಹೋದ್ರು ಅಂತ ಲೆಕ್ಕ ಇಟ್ರೆ ಯಾರು ಯಾರ ಪಕ್ಕ ಕೂತಿದ್ರು ಅಂತ ಹೇಳ್ಬಹುದು. ಇಷ್ಟಕ್ಕೆ ಇಷ್ಟು ಓದ್ಬೇಕಾ?" ಅಂದಿರಿ. ಇಷ್ಟಕ್ಕೇ ಓದಿದ್ದು. ಸಾಧ್ಯವಿರುವ ಒಂದೊಂದು ಸಾಲನ್ನೂ ತೆಗೆದುಕೊಂಡು, ಇದೇ ನಿಜವಾಗಿದ್ದರೆ ನೀವು ಎಣಿಸಿದ ಅಂಕಿಗಳು ಬರುವ ಸಂಭವ ಎಷ್ಟು ಎಂದು ಲೆಕ್ಕ ಹಾಕಿ, ಅತಿ ಹೆಚ್ಚು ಸಂಭವ ಕೊಡುವ ಸಾಲನ್ನು ಒಪ್ಪಿಕೊಳ್ಳುವುದು. ನನ್ನ ವಿದ್ಯೆ ಅಷ್ಟೇ.

ಮೊದಲ ದೊಡ್ಡ ಎಣಿಕೆಯಲ್ಲೇ ನನ್ನ ಮೂಗಿಗೆ ಏನೋ ವಾಸನೆ ಹೊಡೆಯಿತು. ಊರ ತಳಿಗಳ ಹಳೆಯ ಲೆಕ್ಕದ ಪ್ರಕಾರ ರೋಮಕ್ಕೂ ಎಲೆಯ ಅಂಚಿಗೂ ಸಾಕಷ್ಟು ದೂರ. ಸಾವಿರದ ಆರುನೂರ ನಲವತ್ತು ಸಸಿಗಳಲ್ಲಿ ಇವೆರಡು ಬೇರೆಯಾದವು, ಅಂದರೆ ಒಂದು ಗಿಡದ ಕಡೆಯ ರೋಮಕ್ಕೆ ಇನ್ನೊಂದರ ಕಡೆಯ ಎಲೆ ಬಂದವು, ಇನ್ನೂರ ನಲವತ್ತರ ಆಸುಪಾಸು ಸಿಗಬೇಕಿತ್ತು. ನಿಮ್ಮ ಪುಸ್ತಕದಲ್ಲಿ ಇದ್ದದ್ದು ಒಂಬತ್ತು. ಒಂಬತ್ತು ಸಸಿ ಇಟ್ಟುಕೊಂಡು ಯಾವ ಸಾಲನ್ನೂ ಹೇಳಲು ಬರುವುದಿಲ್ಲ. ರೋಗ ತಡೆಯುವ ಗುಣವನ್ನು ಎಲೆಯ ಈಚೆ ಕೂರಿಸಿದರೂ ಆಚೆ ಕೂರಿಸಿದರೂ ಸಂಭವ ಒಂದೇ ಬರುತ್ತಿತ್ತು. ಆದರೆ ನನಗೆ ಸಾಲಿನ ಚಿಂತೆ ಹಿಂದೆ ಬಿತ್ತು. ಉಳಿದ ಇನ್ನೂರ ಮೂವತ್ತು ಸಸಿ ಎಲ್ಲಿ ಹೋದವು ಎಂಬುದು ತಲೆ ಹೊಕ್ಕಿತು.

ಅಂದಿನಿಂದ ನಾನು ನಿಮ್ಮನ್ನು ಕದ್ದು ನೋಡತೊಡಗಿದೆ. ನನ್ನ ಕೋಣೆಯ ಕಿಟಕಿಯಿಂದ ಗಾಜಿನ ಮನೆಯ ಉದ್ದಕ್ಕೂ ಕಾಣುತ್ತಿತ್ತು. ರೋಮ ನೋಡಲು ನೀವು ಲೆನ್ಸ್ ಹಿಡಿಯುತ್ತಿದ್ದಿರಿ, ಎಲೆಗೆ ಬರಿಯ ಒಂದು ಕುಡಿನೋಟ, ತಕ್ಷಣ ಬರಹ. ಒಂದು ಸಸಿಗೆ ನಾಲ್ಕು ಸೆಕೆಂಡು. ಗಡಿಯಾರ ಹಿಡಿದು ಎಣಿಸಿದ್ದೇನೆ, ಅಕ್ಕ. ಇಷ್ಟು ವರ್ಷದ ಅಭ್ಯಾಸದಲ್ಲಿ ಇವರು ರೋಮ ನೋಡಿ ಎಲೆಯನ್ನು ಅಂದಾಜಿನಲ್ಲಿ ಬರೆದುಬಿಡುತ್ತಿದ್ದಾರೆ ಎಂದು ತೀರ್ಮಾನಿಸಿದೆ. ಅದೇ ವಾರ ನೀವು ಬಾಗಿಲಲ್ಲಿ ನಿಂತು, "ಈ ಕ್ರಾಸಿನ ಕಾಯಿಲಿ ಬೀಜ ಯಾಕೋ ಕಡಿಮೆ ಕಟ್ತಿದೆ, ಒಂದ್ಸಲ ನೋಡಮ್ಮ" ಅಂದಿರಿ. ನಾನು ತಲೆಯಾಡಿಸಿದೆ. ತಪ್ಪು ಮುಚ್ಚಿಕೊಳ್ಳಲು ಈಗಿನಿಂದಲೇ ನೆಪ ಕಟ್ಟುತ್ತಿದ್ದಾರೆ ಎಂದುಕೊಂಡೆ. ನೀವು ಬೀಜದ ಸುದ್ದಿ ಎತ್ತಿದ್ದೇ ನಿಮ್ಮ ವಿರುದ್ಧದ ಸಾಕ್ಷಿಯಾಯಿತು.

ಆಗ ಬಲೆ ಹೆಣೆದೆ. ನಿಮ್ಮ ತಮ್ಮನ ಹತ್ತಿರ ಹೋಗಿ, "ಅಣ್ಣ, ಸಸಿ ಕಿತ್ತು ನೆಡೋದು ಹೇಗೆ ಅಂತ ತೋರಿಸ್ತೀರಾ? ಇಲ್ಲಿದ್ದು ಅದೂ ಗೊತ್ತಿಲ್ಲ ಅಂದ್ರೆ ನಾಚಿಕೆ" ಅಂದೆ. ಅವರಿಗೆ ಖುಷಿಯಾಯಿತು. ಪೈಪು ಕೆಳಗಿಟ್ಟು, ಬೇರು ಬಿಡಿಸುವುದು, ಕುಳಿ ಮಾಡುವುದು, ಕೊನೆಗೆ ಹೆಬ್ಬೆರಳನ್ನು ಬಲಗಡೆಗೆ ವಾಲಿಸಿ ಮಣ್ಣು ಒತ್ತುವುದು, ಎಲ್ಲ ತಾಳ್ಮೆಯಿಂದ ಕಲಿಸಿದರು. "ಹೀಗೆ ಒತ್ತಿದ್ರೆ ಸಸಿ ಸೂರ್ಯನ ಕಡೆಗೆ ಎದ್ದು ನಿಲ್ಲುತ್ತೆ ಮೇಡಂ" ಅಂದರು. ಶನಿವಾರ, ಬೆಳಕು ಅಳೆಯಬೇಕು ಎಂದು ಸುಳ್ಳು ಹೇಳಿ ಅವರಿಂದಲೇ ಬೀಗದ ಕೈ ಇಸಿದುಕೊಂಡೆ. ಭಾನುವಾರ ಬೆಳಿಗ್ಗೆ ಯಾರೂ ಇಲ್ಲದಾಗ, ಊರ ತಳಿಯ ಟ್ರೇಗಳಿಂದ ರೋಮ ಮತ್ತು ಎಲೆ ಬೇರೆಯಾದ ಸಸಿಗಳನ್ನು ಕಿತ್ತು, ನೀವು ಇನ್ನೂ ಎಣಿಸಿರದ ಟ್ರೇಗಳಿಗೆ ಸೇರಿಸಿದೆ. ರೋಮ ನೋಡಿ ಎಲೆ ಬರೆಯುವವರಾಗಿದ್ದರೆ ನಲವತ್ತರಲ್ಲಿ ಒಂದೂ ಸಿಗಬಾರದು.

ಬುಧವಾರ ನೀವು ಪುಸ್ತಕ ಹಿಡಿದು ನನ್ನ ಮೇಜಿನ ಮುಂದೆ ಬಂದು ನಿಂತಿರಿ.

"ಲೆಕ್ಕದ ಹುಡುಗಿ, ಹದಿನಾರರಿಂದ ಇಪ್ಪತ್ತೊಂದನೇ ಟ್ರೇವರೆಗೆ ನಲವತ್ತು ಸಸಿ ನಮ್ಮವಲ್ಲ. ಯಾರೋ ತಂದು ಸೇರಿಸಿದ್ದಾರೆ. ಬೇರೆ ಬರೆದಿದ್ದೀನಿ, ನೋಡು."

"ನಮ್ಮವಲ್ಲ ಅಂತ ಹೇಗೆ ಗೊತ್ತಾಯ್ತು?" ಅಂದೆ.

"ಬೇರಿನ ಹತ್ರ ಮಣ್ಣು ಕಪ್ಪಗಿದೆ, ನಮ್ಮದು ಮರಳು ಮಿಶ್ರ. ಮತ್ತೆ ಆ ಹೆಬ್ಬೆರಳು. ಬಲಗಡೆಗೆ ವಾಲಿಸಿ ಒತ್ತೋದು ಈ ಗಾಜಿನ ಮನೆಲಿ ನನ್ನ ಬಿಟ್ರೆ ನನ್ನ ತಮ್ಮ ಒಬ್ಬನೇ. ನಾನೇ ಕಲಿಸಿದ್ದು ಅವನಿಗೆ."

ಹಾಗಂದು ನೀವು ಕಿಟಕಿಯ ಕಡೆ ತಿರುಗಿದಿರಿ. ಆ ತುದಿಯಲ್ಲಿ ನಿಮ್ಮ ತಮ್ಮ ಏನೋ ಗುನುಗಿಕೊಂಡು ನೀರು ಬಿಡುತ್ತಿದ್ದರು. ನಾನು ಬಾಯಿ ತೆರೆಯಬೇಕಿದ್ದದ್ದು ಆ ಒಂದು ಗಳಿಗೆಯಲ್ಲಿ. ತೆರೆಯಲಿಲ್ಲ. ನಿಮ್ಮ ಕಣ್ಣು ನನ್ನ ಮೇಲಿಂದ ಬೇರೆ ಕಡೆ ಹೋಯಿತಲ್ಲ ಎಂದು ಎದೆ ಹಗುರವಾಯಿತು. ಅಕ್ಕ ತಮ್ಮ ಸಂಜೆ ಮನೆಗೆ ಹೋಗಿ ಮಾತಾಡಿಕೊಂಡರೆ ಸರಿಹೋಗುತ್ತದೆ, ನನಗೇಕೆ ಎಂದು ನನಗೆ ನಾನೇ ಹೇಳಿಕೊಂಡೆ.

ಇನ್ನೂ ಕೆಟ್ಟದ್ದನ್ನು ಹೇಳಬೇಕು. ನೀವು ನಲವತ್ತಕ್ಕೆ ನಲವತ್ತನ್ನೂ ಹಿಡಿದಿದ್ದಿರಿ. ಅಷ್ಟಾದ ಮೇಲಾದರೂ ನನ್ನ ಅನುಮಾನ ಸಾಯಬೇಕಿತ್ತು. ಸಾಯಲಿಲ್ಲ. ಹೊರಗಿನವು ಎಂದು ಮಣ್ಣಲ್ಲೇ ಗೊತ್ತಾಯಿತಲ್ಲ, ಅದಕ್ಕೇ ಈ ಸಲ ಎಲೆ ಸರಿಯಾಗಿ ನೋಡಿದ್ದಾರೆ, ಮಿಕ್ಕ ದಿನ ನೋಡುವುದಿಲ್ಲ ಎಂದು ವಾದ ಹೂಡಿದೆ. ನೀವು ತಪ್ಪಿದ್ದರೆ ಕಳ್ಳಿ, ಸರಿಯಿದ್ದರೆ ಜಾಣ ಕಳ್ಳಿ. ನನ್ನ ತಲೆಯಲ್ಲಿ ನಿಮಗೆ ಹೊರಗೆ ಹೋಗಲು ಬಾಗಿಲೇ ಇರಲಿಲ್ಲ. ನಿರ್ದೇಶಕರಿಗೆ ಒಂದು ಪುಟ ಬರೆದು ಕೊಟ್ಟೆ: ಎಣಿಕೆ ಮಾಡುವವರು ಎಲ್ಲ ಗುಣಗಳನ್ನೂ ಪ್ರತ್ಯೇಕವಾಗಿ ನೋಡುತ್ತಿರುವ ಬಗ್ಗೆ ಖಾತರಿಯಿಲ್ಲ. ನಲವತ್ತು ಸಸಿಯ ಮಾತು ಅದರಲ್ಲಿ ಬರೆಯಲಿಲ್ಲ. ಎರಡು ವಾರದಲ್ಲಿ ನಿಮ್ಮನ್ನು ಬೀಜದ ಪೊಟ್ಟಣ ಕಟ್ಟುವ ಕೋಣೆಗೆ ಹಾಕಿದರು. ನಿಮ್ಮ ಜಾಗಕ್ಕೆ, ಗಿಡ ಗೊತ್ತಿರುವವರು ಬೇರೆ ಯಾರೂ ಇಲ್ಲವೆಂದು, ನಿಮ್ಮ ತಮ್ಮನನ್ನು ಕೂರಿಸಿದರು.

ನೀವು ಏನು ಲೆಕ್ಕ ಹಾಕಿದಿರಿ ಎಂದು ಈಗ ಅರ್ಥವಾಗುತ್ತದೆ. ತಮ್ಮನ ಹೆಬ್ಬೆರಳಿನ ಗುರುತು, ತಮ್ಮನ ಕೈಯಲ್ಲಿದ್ದ ಬೀಗದ ಕೈ, ಕೊನೆಗೆ ತಮ್ಮನಿಗೇ ಸಿಕ್ಕಿದ ಕುರ್ಚಿ. ನಿಮ್ಮ ಜಾಗದಲ್ಲಿ ನಾನಿದ್ದರೂ ಅದೇ ಸಾಲನ್ನು ಒಪ್ಪಿಕೊಳ್ಳುತ್ತಿದ್ದೆ.

ನಿಮ್ಮ ತಮ್ಮ ಲೆನ್ಸನ್ನು ಹೆದರುತ್ತಲೇ ಹಿಡಿದರು. ಸಾವಿರದ ಇನ್ನೂರು ಸಸಿ ಎಣಿಸಿದರು. ಬೇರೆಯಾದವು ಏಳು. ಅಕ್ಕ ಹೇಳಿಕೊಟ್ಟಿದ್ದಾಳೆ, ಇಬ್ಬರೂ ಒಂದೇ ಎಂದು ಅವರ ಮೇಲೂ ಅನುಮಾನಪಟ್ಟೆ. ನೀವಿಬ್ಬರೂ ಆಗಲೇ ಮಾತು ಬಿಟ್ಟಿದ್ದಿರಿ ಎಂಬುದು ನನಗೆ ಗೊತ್ತಿರಲಿಲ್ಲ. ಕೊನೆಗೆ ಯಾರನ್ನೂ ನಂಬದೆ ನಾನೇ ಕೂತೆ. ಆರು ವಾರ, ಒಂಬೈನೂರು ಸಸಿ. ಒಂದೊಂದಕ್ಕೂ ಎರಡು ನಿಮಿಷ. ಕತ್ತು ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ಎಣಿಸಿದೆ. ಐದು ಸಿಕ್ಕವು. ಅನುಮಾನಿಸಲು ಇನ್ನು ಯಾರೂ ಉಳಿದಿರಲಿಲ್ಲ.

ಆ ಹಾಳೆ ಹಿಡಿದು, ನಮ್ಮ ಕೇಂದ್ರದಲ್ಲಿ ವರ್ಣತಂತು ನೋಡುತ್ತಿದ್ದ ಸ್ಲೈಡು ಮೇಷ್ಟ್ರ ಹತ್ತಿರ ಹೋದೆ. ಅವರು ಎರಡು ವಾರ ಹೂವಿನ ಮೊಗ್ಗುಗಳನ್ನು ಅರೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಒಂದು ದಿನ ನನ್ನನ್ನು ಕರೆದು ಜಾಗ ಬಿಟ್ಟುಕೊಟ್ಟರು. ಜೋಡಿ ವರ್ಣತಂತುಗಳು ನೆಟ್ಟಗೆ ಅಂಟಿಕೊಳ್ಳುವ ಬದಲು ಒಂದು ಕಡೆ ಕುಣಿಕೆ ಹಾಕಿಕೊಂಡು ನಿಂತಿದ್ದವು.

"ಎಣಿಸಿದವರದ್ದು ಏನೂ ತಪ್ಪಿಲ್ಲ" ಅಂದರು. "ಕಾಡು ಗಿಡದ ಕ್ರೋಮೋಸೋಮಲ್ಲಿ ಈ ತುಂಡು ತಲೆಕೆಳಗಾಗಿ ಕೂತಿದೆ. ನಮ್ಮ ಗಿಡದ್ದು ನೆಟ್ಟಗಿದೆ. ಈ ಜಾಗದಲ್ಲಿ ಅದಲು ಬದಲು ಆದ್ರೆ ಆ ಬೀಜ ಬದುಕಲ್ಲ. ನಿಮಗೆ ಸಿಗದೇ ಇದ್ದ ಸಸಿಗಳು ಹುಟ್ಟಲೇ ಇಲ್ಲಮ್ಮ. ಕಾಯಲ್ಲಿ ಬೀಜ ಕಡಿಮೆ ಇದ್ದಿರ್ಬೇಕಲ್ಲ, ಯಾರೂ ಗಮನಿಸಲಿಲ್ವಾ?"

ಗಮನಿಸಿದ್ದರು ಎಂದು ನಾನು ಹೇಳಲಿಲ್ಲ.

ನಾನು ಎಲ್ಲ ಸಾಲುಗಳನ್ನೂ ತೂಗಿ ನೋಡಿದ್ದೆ, ಅಕ್ಕ. ಆದರೆ ಎಣಿಸಿದವರು ಸರಿ, ವರ್ಣತಂತುವೇ ಬೇರೆ ಥರ ಇದೆ ಎಂಬ ಒಂದು ಸಾಧ್ಯತೆಯನ್ನು ತಕ್ಕಡಿಗೆ ಹಾಕಿಯೇ ಇರಲಿಲ್ಲ. ಹಾಕದೇ ಇದ್ದದ್ದು ಗೆಲ್ಲುವುದಾದರೂ ಹೇಗೆ? ಕೊನೆಗೆ ಆ ತುಂಡು ತಿರುಗಿರದ ಇನ್ನೊಂದು ಕಾಡು ಗಿಡ ಹುಡುಕಿ, ಹೊಸದಾಗಿ ಎಣಿಸಿ, ಸಾಲು ಸಿಕ್ಕಿತು. ರೋಗ ತಡೆಯುವ ಗುಣ ರೋಮಕ್ಕೂ ಎಲೆಗೂ ನಡುವೆಯೇ ಇತ್ತು. ಬೀಜ ಹೊಲಗಳಿಗೆ ಹೋಯಿತು, ಚೆನ್ನಾಗಿಯೇ ಬಂತು. ನನಗೆ ಬಡ್ತಿಯೂ ಬಂತು.

ನಿಮ್ಮ ಬಗ್ಗೆ ಬರೆದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ನಿರ್ದೇಶಕರ ಹತ್ತಿರ ಹೋಗಿದ್ದೆ. "ಈಗ್ಯಾಕೆ ಅದನ್ನೆಲ್ಲ ಕೆದಕ್ತೀರಿ? ಅವರಿಗೂ ಕೂತು ಮಾಡೋ ಕೆಲಸ, ಆರಾಮಾಗಿದ್ದಾರೆ" ಅಂದರು. ಒಂದು ಮಾತಿಗೆ ತೆಪ್ಪಗಾಗಿ ಎದ್ದು ಬಂದೆ. ಎರಡನೇ ಸಲ ಹೋಗಲಿಲ್ಲ. ಒಮ್ಮೆ ನಿಮ್ಮ ಬೀಜದ ಕೋಣೆಗೂ ಬಂದೆ. ನೀವು ಪೊಟ್ಟಣಗಳಿಗೆ ದಾರ ಸುತ್ತುತ್ತಾ ಕಾಲಲ್ಲೇ ಸ್ಟೂಲು ಸರಿಸಿಕೊಟ್ಟಿರಿ. ಲೆನ್ಸು ಕೊರಳಲ್ಲಿರಲಿಲ್ಲ.

"ಲೆಕ್ಕ ಸರಿಹೋಯ್ತಂತೆ" ಅಂದಿರಿ.

"ಹೌದಕ್ಕ. ನೀವು ಎಣಿಸಿದ್ದು ಸರಿಯಾಗೇ ಇತ್ತು."

"ಅದು ನಂಗೆ ಗೊತ್ತಿತ್ತಲ್ಲ."

ಅಷ್ಟೇ. ನಾನು ಎದ್ದು ಬಂದೆ. ನಲವತ್ತು ಸಸಿಯ ಮಾತು ಗಂಟಲವರೆಗೆ ಬಂದಿತ್ತು. ನಿಮಗೆ ಎಲ್ಲ ಗೊತ್ತಿದೆ, ನನ್ನ ಬಾಯಿಂದಲೇ ಬರಲಿ ಎಂದು ಕಾಯುತ್ತಿದ್ದೀರಿ ಎಂಬ ಅನುಮಾನ ಬಂದು, ಆ ಅನುಮಾನಕ್ಕೇ ಹೆದರಿ ನುಂಗಿಬಿಟ್ಟೆ. ನೀವು ನಿವೃತ್ತರಾದ ದಿನ ರಜೆ ಹಾಕಿದ್ದೆ.

ಕಳೆದ ತಿಂಗಳು ನಿಮ್ಮ ತಮ್ಮ ನಿವೃತ್ತರಾದರು. ಗಾಜಿನ ಮನೆಯಲ್ಲೇ ಸಣ್ಣ ಸಮಾರಂಭ. ಎಲ್ಲರೂ ಹೋದ ಮೇಲೆ ಅವರು ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಹಳೆಯ ಚಾಳಿ, ಇವರಿಗೆ ಏನೋ ಗೊತ್ತಾಗಿದೆ, ಬಾಯಿ ಬಿಡಿಸಲು ಬಂದಿದ್ದಾರೆ ಎಂದೇ ನಾನು ಮೊದಲು ಯೋಚಿಸಿದ್ದು. ಅವರು ಕೂತು, ಟೋಪಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಹೇಳಿದರು:

"ಮೇಡಂ, ನಮ್ಮಿಬ್ರನ್ನೂ ನೋಡಿದೋರು ಇಲ್ಲಿ ನೀವೊಬ್ರೇ ಉಳಿದಿರೋದು. ಅಕ್ಕ ನನ್ನ ಹತ್ರ ಮಾತಾಡಿ ಇಪ್ಪತ್ತೆರಡು ವರ್ಷ ಆಯ್ತು. ಮಗಳ ಮದುವೆಗೆ ಕರೆಯೋಕೆ ಹೋದ್ರೆ ಒಳಗಿಂದ ಚಿಲಕ ಹಾಕಿಕೊಂಡ್ಲು. ನಾನೇನು ಮಾಡ್ದೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದ್ರೆ 'ನಿನ್ನ ಹೆಬ್ಬೆರಳನ್ನ ಕೇಳು' ಅಂತಾಳೆ. ಅಂದ್ರೆ ಏನು ಮೇಡಂ?"

ಅರವತ್ತು ವರ್ಷದ ಮನುಷ್ಯ, ಹಾಗಂದು ತಮ್ಮ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಹೇಳಿದೆ. ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ, ಮೇಜು ಗುದ್ದುತ್ತಾರೆ ಎಂದುಕೊಂಡಿದ್ದೆ. ಅವರು ಟೋಪಿ ಎತ್ತಿಕೊಂಡು, "ಹಾಗಾದ್ರೆ ಅಕ್ಕ ನನ್ನ ಮೇಲೆ ಸುಮ್ಮಸುಮ್ಮನೆ ಕೋಪ ಮಾಡ್ಕೊಂಡಿರ್ಲಿಲ್ಲ" ಅಂದರು. ಅದರಲ್ಲಿ ಅವರಿಗೆ ಸಮಾಧಾನ ಸಿಕ್ಕಿದ್ದು ನೋಡಿ ನನಗೆ ತಡೆಯಲಾಗಲಿಲ್ಲ. ಬಾಗಿಲ ಹತ್ತಿರ ಹೋಗಿ ತಿರುಗಿ, "ನೀವೇ ಬರೀರಿ. ನಾನು ಹೇಳಿದ್ರೆ ನಂಬಲ್ಲ" ಅಂದರು.

ನಾನು ಬರೆದರೂ ನೀವು ಸುಲಭಕ್ಕೆ ನಂಬುವವರಲ್ಲ. ಅದಕ್ಕೇ ಜೊತೆಯಲ್ಲಿ ಒಂದು ಚೀಟಿ ಇಟ್ಟಿದ್ದೇನೆ. ಆ ಭಾನುವಾರ ಯಾವ ಟ್ರೇ, ಯಾವ ಸಾಲು, ಎಷ್ಟನೆಯ ಸಸಿ ಎಂದು ನನ್ನ ಕೈಯಲ್ಲೇ ಬರೆದದ್ದು. ಲೆನ್ಸು ಹಿಡಿದು ಶಾಯಿಯ ವಯಸ್ಸನ್ನೂ ನೋಡಿ, ಬೇಜಾರಿಲ್ಲ. ಅದರಲ್ಲಿ ನಲವತ್ತಲ್ಲ, ನಲವತ್ತೊಂದು ಇದೆ. ಹತ್ತೊಂಬತ್ತನೇ ಟ್ರೇಯ ಮೂರನೇ ಸಾಲಿನ ಸಸಿಯೊಂದು ನನ್ನ ಕೈಯಲ್ಲೇ ಮುರಿಯಿತು. ಗಾಬರಿಯಲ್ಲಿ ಅದನ್ನು ಮಣ್ಣೊಳಗೆ ತುರುಕಿ ಮುಚ್ಚಿದೆ. ನಿಮ್ಮ ಕಣ್ಣಿಗೆ ಅದು ಬೀಳದೇ ಇರಲು ಸಾಧ್ಯವಿಲ್ಲ. ನಿಮ್ಮ ತಮ್ಮನ ಕೈಯಲ್ಲಿ ಒಂದು ಸಸಿ ಮುರಿದದ್ದನ್ನು ನೀವು ಎಂದಾದರೂ ಕಂಡಿದ್ದೀರಾ? ಇಷ್ಟು ವರ್ಷ ಕೋಪದಲ್ಲಿ ಈ ಪ್ರಶ್ನೆ ನಿಮಗೆ ಹೊಳೆಯದೆ ಹೋಗಿರಬಹುದು. ಈಗ ಕೇಳಿಕೊಳ್ಳಿ.

ನಿಮ್ಮ ಕಡತದಲ್ಲಿದ್ದ ನನ್ನ ಆ ಒಂದು ಪುಟಕ್ಕೆ ಮೊನ್ನೆ ಇನ್ನೊಂದು ಪುಟ ಸೇರಿಸಿ ಸಹಿ ಹಾಕಿದ್ದೇನೆ. ಬಲೆಯ ವಿಷಯವನ್ನೂ ಅದರಲ್ಲಿ ಬರೆದಿದ್ದೇನೆ. ಹೊಸ ನಿರ್ದೇಶಕರು ಏನು ಮಾಡುತ್ತಾರೋ ಮಾಡಲಿ. ಕ್ಷಮೆ ಕೇಳುವುದಿಲ್ಲ. ಕೇಳಿದರೆ ಕೊಟ್ಟುಬಿಡುತ್ತೀರಿ, ನನಗೆ ಅಷ್ಟು ಅಗ್ಗಕ್ಕೆ ಸಿಗಬಾರದು. ನಿಮ್ಮ ಕೋಪವನ್ನು ತಮ್ಮನ ಮನೆಯಿಂದ ತೆಗೆದು ನನ್ನ ವಿಳಾಸಕ್ಕೆ ಕಳಿಸಿ. ಅದು ಸೇರಬೇಕಾದದ್ದು ಇಲ್ಲಿಗೆ.

ಈ ಲಕೋಟೆ ಅಂಚೆಯಲ್ಲಿ ಬಂದದ್ದಲ್ಲ. ಅಂಚೆಗೆ ಹಾಕುತ್ತೇನೆ ಎಂದರೆ ನಿಮ್ಮ ತಮ್ಮ ಒಪ್ಪಲಿಲ್ಲ. ನಾನೇ ತಂದು ಬಾಗಿಲ ಕೆಳಗೆ ತಳ್ಳುತ್ತೇನೆ, ಗಂಟೆ ಒತ್ತುವುದಿಲ್ಲ, ಹೆಸರು ಹಿಡಿದು ಕರೆಯುವುದಿಲ್ಲ, ಅಕ್ಕ ಓದಿ ಮುಗಿಸುವವರೆಗೆ ಎದುರುಗಡೆ ನಿಂತಿರುತ್ತೇನೆ ಅಂದರು. ಎಷ್ಟು ಹೊತ್ತು ಎಂದು ಕೇಳಿದೆ. "ಅಕ್ಕ ನಿಧಾನಕ್ಕೆ ಓದ್ತಾಳೆ, ಪರವಾಗಿಲ್ಲ" ಅಂದರು. ನೀವು ಓದಿ ಮುಗಿಸಿದ್ದೀರಿ. ಅವರು ಹೊರಗೆ ನಿಂತಿದ್ದಾರೆ.

ಬಾಗಿಲ ಆಚೆಗೂ ಈಚೆಗೂ ಒಳ್ಳೆಯದಾಗಲಿ.

ನೀವು ಎಣಿಸಿದ್ದನ್ನು ಎಣಿಸಿದ,
ಲೆಕ್ಕದ ಹುಡುಗಿ